ನೀರಿಗಿಂತ ಒಂದು ಮೊಳ ಮೇಲೆ

ಹೊಳೆ ಕಡಲಿಗೆ ಸೇರುವ ಅಳಿವೆಯೊಂದರಲ್ಲಿ, ದಡದಿಂದ ಚಾಚಿದ ಧಕ್ಕೆಯ ತುದಿಗೆ ತಾಗಿ, ಹಳೆಯ ಹಾಯಿದೋಣಿ ಲಂಗರು ಹಾಕಿ ನಿಂತಿತ್ತು. ಅದೇ ಗುರುಗಳ ಆಶ್ರಮ.

ಗುರುಗಳ ಹೆಸರು ಬೊಮ್ಮಯ್ಯ. ಐವತ್ತು ವರ್ಷ ಹಾಯಿ ನಡೆಸಿದ ತಾಂಡೇಲರು. ಹೆಂಚು, ಉಪ್ಪು ಹೊತ್ತು ಬಂದರು ಬಂದರು ಸುತ್ತಿ, ಕೊನೆಗೊಂದು ದಿನ ಸರಕನ್ನೆಲ್ಲ ಇಳಿಸಿ, ತಾವು ಮಾತ್ರ ಇಳಿಯದೆ ಉಳಿದುಬಿಟ್ಟವರು. ದಡದಲ್ಲಿ ಮಠ ಕಟ್ಟಿಸಿಕೊಡುತ್ತೇವೆ ಎಂದು ಭಕ್ತರು ಬಂದರೆ, "ಅಡ್ಡಿಲ್ಲ, ಕಟ್ಟಿ. ನಾನು ಇಲ್ಲಿಂದಲೇ ನೋಡ್ತಾ ಇರ್ತೇನೆ" ಅನ್ನುತ್ತಿದ್ದರು.

ಶಿಷ್ಯ ಒಬ್ಬನೇ. ಹೆಸರು ಕಳಕಪ್ಪ, ಗದಗಿನ ಕಡೆಯವನು, ಮೂವತ್ತೆರಡರ ಗಟ್ಟಿ ಆಳು. ಬಂದರಿನ ಮಂಜುಗಡ್ಡೆ ಕಾರ್ಖಾನೆಯ ಯಂತ್ರ ರಿಪೇರಿಗೆಂದು ಬಂದವನು, ಒಂದು ಸಂಜೆ ಗುರುಗಳ ಮಾತು ಕೇಳುತ್ತ ಕೂತ. ಮೂರು ವರ್ಷವಾದರೂ ಎದ್ದಿರಲಿಲ್ಲ.

ಅವನಿಗೆ ಈಜು ಬಾರದು. ನೀರೆಂದರೆ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ದೋಣಿ ಲಂಗರಿನಲ್ಲಿ ನಿಂತಿರುವಷ್ಟು ದಿನ ಹೇಗೋ ನಡೆಯುತ್ತಿತ್ತು. ವರ್ಷಕ್ಕೆ ಮೂರೋ ನಾಲ್ಕೋ ಸಲ ಗುರುಗಳು ಹಾಯಿ ಎತ್ತುವ ದಿನ ಮಾತ್ರ ಅವನ ಪಾಡು ನೋಡಲಾಗದು. ಹಗ್ಗ ಎಳೆದುಕೊಟ್ಟವನೇ ಒಳಕೋಣೆಗೆ ಇಳಿದು, ಹಾಯಿಕಂಬದ ಬುಡ ತಬ್ಬಿ, ಕಣ್ಣು ಮುಚ್ಚಿ ಕೂತುಬಿಡುತ್ತಿದ್ದ. ಲಂಗರು ಬಿದ್ದ ಸದ್ದು ಕೇಳಿದ ಮೇಲೇ ಕಣ್ಣು ತೆರೆಯುವುದು.

ಗುರುಗಳು ಬಯ್ಯುತ್ತಿರಲಿಲ್ಲ. "ಕಂಬವನ್ನ ಬಿಗಿಯಾಗಿ ಹಿಡ್ಕೊಳ್ಳೋ. ಪಾಪ, ಅದಕ್ಕೂ ಹೆದರಿಕೆ ಇರ್ತದೆ" ಅನ್ನುತ್ತಿದ್ದರು.

ಆ ವರ್ಷದ ಸೆಕೆ ಮನುಷ್ಯರು ತಾಳುವಂಥದ್ದಲ್ಲ. ಯುಗಾದಿ ಕಳೆದು ಹತ್ತು ದಿನಕ್ಕೆ, ನಡುಮಧ್ಯಾಹ್ನ, ಹರಿದ ಹಾಯಿ ಹೊಲಿಯುತ್ತ ಕೂತಿದ್ದ ಗುರುಗಳು ಸೂಜಿ ಹಿಡಿದುಕೊಂಡೇ ಪಕ್ಕಕ್ಕೆ ಉರುಳಿದರು.

ಕಳಕಪ್ಪ ಓಡಿಬಂದು ಹಣೆ ಮುಟ್ಟಿದ. ಸುಡುತ್ತಿತ್ತು. ಮೈಮೇಲೆ ಒಂದು ಹನಿ ಬೆವರಿಲ್ಲ.

ಇದನ್ನು ಅವನು ಮೊದಲೊಮ್ಮೆ ಕಂಡಿದ್ದ. ಅವನ ಅಪ್ಪ ಹೆಂಚಿನ ಭಟ್ಟಿಯಲ್ಲಿ ದುಡಿಯುತ್ತಿದ್ದವನು. ವೈಶಾಖದ ಒಂದು ದಿನ ಹೀಗೇ ಬಿದ್ದ. ಬೆವರು ನಿಂತಿತ್ತು. ಬಾಯಿಗೆ ಬಿಟ್ಟ ನೀರು ಕಟವಾಯಿಯಿಂದ ಹೊರಗೆ ಹರಿಯಿತು. ಅಪ್ಪನನ್ನು ಮಣ್ಣು ಮಾಡಿದ ತಿಂಗಳಿಗೇ ಮಗ ಫ್ರಿಜ್ಜು ರಿಪೇರಿ ಕಲಿಯಲು ಹೋದ. ತಂಪು ಮಾಡುವ ವಿದ್ಯೆಯೊಂದು ಕೈಯಲ್ಲಿದ್ದರೆ ಇನ್ನು ಯಾರೂ ಹಾಗೆ ಸಾಯಲಾರರು ಅಂತ ಅವನ ಲೆಕ್ಕ.

ಗುರುಗಳು ಆ ಸಲ ಉಳಿದರು. ಬಂದರಿನಿಂದ ಓಡಿಬಂದ ಡಾಕ್ಟರು ಕಳಕಪ್ಪನನ್ನು ಪಕ್ಕಕ್ಕೆ ಕರೆದು, "ಇನ್ನೊಮ್ಮೆ ಹೀಗಾದರೆ ಕಷ್ಟ. ಮಧ್ಯಾಹ್ನ ಅವರನ್ನು ತಂಪಲ್ಲಿ ಇಡಿ" ಅಂದರು.

ಅಂದಿನಿಂದ ಕಳಕಪ್ಪನಿಗೆ ಊಟ ರುಚಿಸಲಿಲ್ಲ. ಗಳಿಗೆಗೊಮ್ಮೆ ಬಂದು ಗುರುಗಳ ಹಣೆ ಮುಟ್ಟಿ ನೋಡುವುದೇ ಕೆಲಸವಾಯಿತು.

"ಸವೆದುಹೋದೀತೋ ಮಾರಾಯಾ" ಅಂದರು ಗುರುಗಳು. "ಇರೂದು ಒಂದೇ ಹಣೆ."

"ನಿಮಗ ನಗಿ ಬರ್ತದ್ರಿ. ನನಗ ಜೀವ ಹೋಗ್ತದ."

"ಯಾಕೆ?"

"ನೀವು ಹೋದ್ರ ನಾ ಎಲ್ಲಿಗೆ ಹೋಗ್ಲಿ?"

"ದಡಕ್ಕೆ ಹೋಗು. ಹತ್ತು ಮಾರು ದೂರ."

ಕಳಕಪ್ಪನಿಗೆ ಸಿಟ್ಟು ಬಂತು, ಅಳುವೂ ಬಂತು. ಎದ್ದು ಹೋದ. ಸಂಜೆ ಮರಳಿ ಬರುವಾಗ ತಲೆಯ ಮೇಲೆ ಹಳೆಯ ಫ್ರಿಜ್ಜಿನ ಕಂಪ್ರೆಸರ್ ಇತ್ತು.

ಆಮೇಲೆ ಎಂಟು ದಿನ ದೋಣಿ ಗ್ಯಾರೇಜಾಯಿತು. ತಾಮ್ರದ ಕೊಳವೆ ಬಂತು, ಬಸ್ಸಿನ ಫ್ಯಾನು ಬಂತು, ಲಾರಿಯ ಎರಡು ಬ್ಯಾಟರಿ ಬಂದವು. ಒಳಕೋಣೆಯ ಮಾಡಿನ ಮೇಲೆ ಸೋಲಾರ್ ಹಲಗೆ ಕೂತಿತು. ಕಿಟಕಿಗಳಿಗೆ ರಬ್ಬರಿನ ಪಟ್ಟಿ ಹೊಡೆದು ಸಂದಿಗಳನ್ನೆಲ್ಲ ಬಿಗಿ ಮಾಡಿದ.

ಗುರುಗಳು ಕೂತು ನೋಡುತ್ತಿದ್ದರು. ಬೇಡ ಅನ್ನಲಿಲ್ಲ. ಮೊಳೆ ಕೇಳಿದರೆ ಮೊಳೆ ಕೊಟ್ಟರು.

ಕೊನೆಗೆ ಒಂದು ಕೆಲಸ ಉಳಿಯಿತು. ಒಳಗಿನ ಬಿಸಿಯನ್ನು ಯಂತ್ರ ಎಲ್ಲಿಗಾದರೂ ಉಗುಳಬೇಕಲ್ಲ. ನಾಲ್ಕು ಇಂಚಿನ ಪೈಪಿಗೆ ಹೊರಗೆ ದಾರಿ ಬೇಕು. ಮಾಡಿಗೆ ತೂತು ಮಾಡಿದರೆ ಬಿಸಿಗಾಳಿ ನೇರ ಗುರುಗಳು ಕೂರುವ ಜಾಗಕ್ಕೇ ಹೊಡೆಯುತ್ತಿತ್ತು. ಅದಕ್ಕೇ ಕಳಕಪ್ಪ ದೋಣಿಯ ಬಲಪಕ್ಕವನ್ನು ಆರಿಸಿದ. ಧಕ್ಕೆಯ ಮೆಟ್ಟಿಲು ಇದ್ದದ್ದು ಆ ಕಡೆಗೆ. ನೀರಿಗೆ ಇಳಿಯದೆ ಕೆಲಸ ಮಾಡಬಹುದಿತ್ತು.

ಸೀಮೆಸುಣ್ಣ ಹಿಡಿದು ಮೆಟ್ಟಿಲ ಮೇಲೆ ಕೂತ. ಅಲೆ ಇಲ್ಲದ, ಗಾಳಿ ಇಲ್ಲದ ಹೊತ್ತು ಕಾದು, ನೀರು ತಾಗುವ ಜಾಗದಲ್ಲಿ ಒಂದು ಗೀಟು ಹಾಕಿದ. ಅಲ್ಲಿಂದ ಒಂದು ಮೊಳ ಮೇಲಕ್ಕೆ ಅಳೆದು ಇನ್ನೊಂದು ಗೀಟು ಹಾಕಿದ. ಅಲ್ಲಿ ತೂತು ಕೊರೆದ.

ಗುರುಗಳು ಮೇಲಿನಿಂದ ಬಗ್ಗಿ ನೋಡಿದರು. "ಯಾವ ನೀರು ಅಳೆದ್ಯೋ?"

"ಭರತದ ನೀರ್ರಿ. ಪೂರಾ ಉಬ್ಬಿದಾಗಿಂದು. ಇದಕ್ಕಿಂತ ಮ್ಯಾಲೆ ಏರೂದಿಲ್ಲ."

ಗುರುಗಳು ಜೋರಾಗಿ ನಕ್ಕರು. "ನೀರು ಏರಿದ್ರೆ ದೋಣಿ ಕೂತ್ಕೊಂಡಿರ್ತದನೋ? ಅದೂ ಜೊತೆಗೇ ಏಳ್ತದಲ್ಲೋ, ಮಂಕೇ!"

ಕಳಕಪ್ಪ ನಾಚಿ ತಲೆ ಕೆರೆದುಕೊಂಡ. ಗುರುಗಳು ಮತ್ತೇನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಅವನು, "ತಡೀರಿ, ಈಗ ಚಾಲೂ ಮಾಡ್ತೀನಿ, ಒಳಗ ಬರ್ರಿ" ಅಂತ ಓಡಿದ.

ಬಾಗಿಲು ಹಾಕಿದರು. ಯಂತ್ರ ಗೊರಗೊರ ಅಂತು. ಮೊದಲು ಸುಟ್ಟ ವಾಸನೆ ಬಂತು. ಆಮೇಲೆ, ನಂಬಿ, ತಂಪು ಬಂತು.

ಗುರುಗಳು ಫ್ಯಾನಿನ ಎದುರು ಕೂತು ಶಲ್ಯ ತೆಗೆದರು. ಕಣ್ಣು ಮುಚ್ಚಿದರು. ಕಳಕಪ್ಪ ಅವರ ಮುಖವನ್ನೇ ನೋಡುತ್ತಿದ್ದ.

"ಅಡ್ಡಿಲ್ಲ" ಅಂದರು ಗುರುಗಳು. ಕಾಲು ಚಾಚಿಕೊಂಡು, "ಭಾರೀ ಅಡ್ಡಿಲ್ಲ" ಅಂದರು. ಅಲ್ಲೇ ಉರುಳಿ ಎರಡು ತಾಸು ಗೊರಕೆ ಹೊಡೆದರು.

ಕಳಕಪ್ಪ ಆ ಗೊರಕೆ ಕೇಳುತ್ತ ಗೋಡೆಗೆ ಒರಗಿ ಅತ್ತುಬಿಟ್ಟ. ಅಪ್ಪನಿಗೆ ಮಾಡಲಾಗದ್ದನ್ನು ಕೊನೆಗೂ ಒಬ್ಬರಿಗೆ ಮಾಡಿದ್ದ.

ದಿನಗಳು ಹೀಗೇ ಹೋದವು. ಮಧ್ಯಾಹ್ನ ಬಾಗಿಲು ಹಾಕುವುದು, ಗುರುಗಳು ಮಲಗುವುದು, ಸಂಜೆ ತೆರೆಯುವುದು. ಶಿಷ್ಯ ಹಣೆ ಮುಟ್ಟಿ ನೋಡುವುದು ದಿನಕ್ಕೆ ಎರಡು ಸಲಕ್ಕೆ ಇಳಿಯಿತು.

ಮಳೆಗಾಲಕ್ಕೆ ಮುಂಚೆ ಗುರುಗಳದ್ದೊಂದು ನೇಮವಿತ್ತು. ಅಳಿವೆಯಾಚೆ, ಕಡಲಲ್ಲಿ ತೆಂಕಣ ದಿಕ್ಕಿಗೆ, ಒಂದು ಕಲ್ಲು ನಡುಗಡ್ಡೆ. ಗುರುಗಳಿಗೆ ಹಾಯಿ ಕಲಿಸಿದ ಹಿರಿಯ ತಾಂಡೇಲರ ಸಮಾಧಿ ಅಲ್ಲಿದೆ. ಅಲ್ಲಿ ಸಿಹಿನೀರಿಲ್ಲ. ವರ್ಷಕ್ಕೊಮ್ಮೆ ಗುರುಗಳು ಹೊಳೆಯ ಮೇಲ್ಗಡೆಯಿಂದ ಒಂದು ಕೊಡ ಸಿಹಿನೀರು ತುಂಬಿಸಿಕೊಂಡು ಹೋಗಿ ಆ ಕಲ್ಲಿಗೆ ಎರೆದು ಬರುತ್ತಿದ್ದರು.

"ಈ ವರ್ಷ ಬ್ಯಾಡ್ರಿ" ಅಂದ ಕಳಕಪ್ಪ.

"ಬಾಯಾರಿಕೆ ಈ ವರ್ಷ ಇರೂದಿಲ್ಲನೋ ಅವರಿಗೆ?"

"ಬಿಸಿಲು ತಾಗಿದ್ರ?"

"ಬೆಳಗ್ಗೆ ಹೋಗಿ ಮಧ್ಯಾಹ್ನದೊಳಗೆ ಬರೂದು. ಹೇಗೂ ನಿನ್ನ ಯಂತ್ರ ಉಂಟಲ್ಲ."

ಬೆಳಕು ಹರಿಯುವಾಗ ಹೊರಟರು. ದಡದ ಕಡೆಯ ಗಾಳಿ ಹಿಂದಿನಿಂದ ಮೆಲ್ಲಗೆ ನೂಕಿತು. ದೋಣಿ ನೆಟ್ಟಗೇ ಹೋಯಿತು. ಕಳಕಪ್ಪ ಎಂದಿನಂತೆ ಕಂಬ ತಬ್ಬಿ ಕಣ್ಣು ಮುಚ್ಚಿದ್ದ. ಲಂಗರಿನ ಸದ್ದು ಕೇಳಿ ಕಣ್ಣು ತೆರೆದಾಗ ನಡುಗಡ್ಡೆ ಎದುರಿಗಿತ್ತು.

ನೀರೆರೆದು ಬರುವಷ್ಟರಲ್ಲಿ ಗಾಳಿ ಸತ್ತಿತು. ಕಡಲು ಎಣ್ಣೆಯಂತೆ ಬಿದ್ದುಕೊಂಡಿತು. ಹಾಯಿ ಜೋಲಿತು. ಬಿಸಿಲು ಏರಿತು.

ಕಳಕಪ್ಪ ಗುರುಗಳನ್ನು ಒಳಗೆ ಕರೆದು ಬಾಗಿಲು ಹಾಕಿ ಯಂತ್ರ ಹಚ್ಚಿದ. ಇಬ್ಬರೂ ತಂಪಿನಲ್ಲಿ ಮಲಗಿದರು. ಬ್ಯಾಟರಿ ಮುಗಿದು ಫ್ಯಾನು ನಿಂತಾಗ ಗುರುಗಳು ಎದ್ದು ಬಾಗಿಲು ತೆರೆದರು.

ಹೊರಗೆ ವಾಯವ್ಯದಿಂದ ಗಾಳಿ ಬೀಸುತ್ತಿತ್ತು. ಕಡಲ ತುಂಬ ಬಿಳಿ ನೊರೆ.

ಗುರುಗಳ ಮುಖ ಬದಲಾಯಿತು. "ಇದು ಬಂದು ಎಷ್ಟು ಹೊತ್ತಾಯ್ತೋ! ಒಳಗೆ ಗೊತ್ತೇ ಆಗಲಿಲ್ಲ."

"ಸಂಜಿ ತನಕ ಇಲ್ಲೇ ಇರೂಣ್ರಿ."

"ಸಂಜೆಗೆ ಇಳಿತ ಶುರುವಾಗ್ತದೆ. ಈ ಗಾಳಿಗೆ ಆ ಇಳಿತ ಎದುರಾದ್ರೆ ಅಳಿವೆಯಲ್ಲಿ ಅಲೆ ಒಡೀತದೆ, ಒಳಗೆ ಬಿಡೂದಿಲ್ಲ. ಈಗಲೇ ಹೋಗ್ಬೇಕು."

ಕಳಕಪ್ಪ ಹಗ್ಗ ಎಳೆದುಕೊಟ್ಟ. ಗುರುಗಳ ತಲೆಗೆ ಒದ್ದೆ ಪಂಚೆ ಸುತ್ತಿದ. ಒಳಗಿಳಿದು ಕಂಬ ತಬ್ಬಿ ಕಣ್ಣು ಮುಚ್ಚಿದ.

ಹಾಯಿ ಗಾಳಿ ತುಂಬಿಕೊಂಡಿತು. ದೋಣಿ ಬಲಕ್ಕೆ ವಾಲಿತು. ಪಾತ್ರೆಗಳು ಉರುಳಿದವು. ಇಷ್ಟೆಲ್ಲ ಪ್ರತಿ ಸಲವೂ ಆಗುತ್ತಿದ್ದದ್ದೇ. ಅವನು ಹಲ್ಲು ಕಚ್ಚಿಕೊಂಡು ಎಣಿಸತೊಡಗಿದ.

ಅರುವತ್ತು ಎಣಿಸುವಷ್ಟರಲ್ಲಿ ಕಾಲು ಒದ್ದೆಯಾಯಿತು.

ಕೊಡ ಉರುಳಿರಬೇಕು ಅಂದುಕೊಂಡ. ಆಮೇಲೆ ನೆನಪಾಯಿತು, ಕೊಡ ಖಾಲಿಯಾಗಿತ್ತು.

ಕಣ್ಣು ತೆರೆದ. ಹಾಯಿ ಎತ್ತಿದ ದೋಣಿಯಲ್ಲಿ ಅವನು ಕಣ್ಣು ತೆರೆದದ್ದು ಮೂರು ವರ್ಷದಲ್ಲಿ ಅದೇ ಮೊದಲು.

ಯಂತ್ರದ ಕೀಲುಗಳಿಂದ ಕಡಲು ಬರುತ್ತಿತ್ತು. ಫ್ಯಾನಿನ ಬಾಯಿಯಿಂದ ಬರುತ್ತಿತ್ತು. ಅವನು ನೋಡುತ್ತಿದ್ದಂತೆಯೇ ನಾಲ್ಕು ಇಂಚಿನ ಪೈಪು ಕಳಚಿ ಬಿತ್ತು. ಬರಿಯ ತೂತು ಕಂಡಿತು. ಅದರೊಳಗಿಂದ ಹಸಿರು ನೀರು ಅವನ ತೋಳಿನಷ್ಟು ದಪ್ಪಕ್ಕೆ ಒಳಗೆ ನುಗ್ಗಿತು.

"ಗುರುಗಳ! ನೀರು! ನೀರು ಬಂತ್ರೀ!"

"ಮುಚ್ಚೋ!"

ಪಂಚೆ ಬಿಚ್ಚಿ ತುರುಕಿದ. ಕಡಲು ಅದನ್ನು ಅವನ ಮುಖಕ್ಕೇ ವಾಪಸು ಎಸೆಯಿತು. ಮತ್ತೆ ತುರುಕಿದ. ಮತ್ತೆ ಎಸೆಯಿತು. ನೀರು ಮೊಣಕಾಲಿಗೆ ಬಂತು.

ಮೇಲೆ ಗುರುಗಳು ಚುಕ್ಕಾಣಿ ತಿರುಗಿಸಿದರು. ಹಾಯಿ ಈ ಪಕ್ಕದಿಂದ ಆ ಪಕ್ಕಕ್ಕೆ ಧಡಾರನೆ ಬಿತ್ತು. ದೋಣಿ ಎಡಕ್ಕೆ ವಾಲಿತು. ಬಲಪಕ್ಕ ಎದ್ದು ಬಂತು, ತೂತು ನೀರಿನಿಂದ ಮೇಲೆ ಬಂತು. ಅದರೊಳಗಿಂದ ಈಗ ಬರಿಯ ಆಕಾಶ ಕಾಣುತ್ತಿತ್ತು.

ಕಳಕಪ್ಪ ಗೋಡೆಗೆ ಒರಗಿ ಉಸಿರು ಎಳೆದುಕೊಂಡ. "ಉಳಿದ್ವಿ. ಇನ್ನ ಹಿಂಗ ಹೋಗ್ರಿ, ಗುರುಗಳ. ಹಿಂಗ ಇರಲಿ."

"ಹೀಗೇ ಹೋದ್ರೆ ಅರಬಸ್ತಾನ. ಅಕ್ಕಿ ಎಷ್ಟು ಉಂಟು?"

ಬಾಗಿಲಿನಿಂದ ತಲೆ ಹಾಕಿ ನೋಡಿದ. ದಡ ಹಿಂದೆ ಇತ್ತು. ಮುಂದೆ ಬರಿಯ ಕಡಲು.

ಆಗ ಅವನಿಗೆ ಅರ್ಥವಾಯಿತು. ಈ ಗಾಳಿಯಲ್ಲಿ ಮನೆಯ ದಾರಿ ಹಿಡಿದರೆ ದೋಣಿ ಬಲಕ್ಕೇ ವಾಲುತ್ತದೆ, ತೂತು ಮುಳುಗುತ್ತದೆ. ತೂತು ಮೇಲಿರಬೇಕಾದರೆ ಮನೆಗೆ ಬೆನ್ನು ಹಾಕಿ ಹೋಗಬೇಕು. ಈ ಕಡೆ ಒಂದೊಂದು ಗಳಿಗೆ ಕ್ಷೇಮವಾಗಿ ಕಳೆದಷ್ಟೂ ದಡ ದೂರವಾಗುತ್ತಿತ್ತು.

"ಹಾಯಿ ಇಳಿಸಿಬಿಟ್ರ?"

"ಗಾಳಿ ನಮ್ಮನ್ನ ಆ ಬಂಡೆಗೆ ಕೊಡ್ತದೆ." ಗುರುಗಳು ಗಲ್ಲದಿಂದಲೇ ತೋರಿಸಿದರು. ಅಳಿವೆಯ ತೆಂಕಣ ಬದಿಯಲ್ಲಿ ಕಪ್ಪು ಬಂಡೆಗಳ ಸಾಲು, ಅದರ ಮೇಲೆ ನೊರೆ.

ಕಳಕಪ್ಪ ಅದಕ್ಕಿಂತ ಹೆದರಿಕೆಯ ಇನ್ನೊಂದನ್ನು ನೋಡಿದ. ಗುರುಗಳ ತಲೆಯ ಒದ್ದೆ ಪಂಚೆ ಗಾಳಿಗೆ ಹಾರಿಹೋಗಿತ್ತು. ಮುಖ ಕೆಂಪಾಗಿತ್ತು. ತುಟಿ ಒಡೆದಿತ್ತು. ಹಣೆಯ ಮೇಲೆ ಒಂದು ಹನಿ ಬೆವರಿಲ್ಲ.

"ಗುರುಗಳ, ಒಳಗ ಬರ್ರಿ!"

"ಚುಕ್ಕಾಣಿ ಯಾರು ಹಿಡೀತಾರೆ?"

ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡ.

ಗುರುಗಳು ಹೇಳಿದರು: "ಕೇಳೋ. ತಿರುಗಿಸಿದ್ರೆ ತೂತು ಮುಳುಗ್ತದೆ. ಅಳಿವೆ ಮುಟ್ಟೂ ತನಕ ನೀನು ಅದನ್ನ ಮುಚ್ಚಿ ಹಿಡೀಬೇಕು. ಹಿಡೀತೇನೆ ಅಂತ ನೀನು ಹೇಳೂ ತನಕ ನಾನು ತಿರುಗಿಸೂದಿಲ್ಲ."

"ನನಗ ಈಜು ಬರೂದಿಲ್ರಿ."

"ನಾನು ಈಜು ಕೇಳಲಿಲ್ಲ."

ಕಳಕಪ್ಪ ದಡ ನೋಡಿದ. ಗುರುಗಳ ಒಣಹಣೆ ನೋಡಿದ. "ತಿರುಗಿಸ್ರಿ" ಅಂದ. ಅದು ತನ್ನದೇ ದನಿ ಅಂತ ಅವನಿಗೆ ಅನ್ನಿಸಲಿಲ್ಲ.

"ನಾನು ಮೇಲೆ ಇದ್ದೇನೆ ಅಂತ ತಿಳೀಲಿಕ್ಕೆ ಹಿಮ್ಮಡಿಯಿಂದ ಹಲಗೆ ಬಡೀತಾ ಇರ್ತೇನೆ. ಕೇಳ್ತಾ ಇರು."

ಕಳಕಪ್ಪ ಯಂತ್ರದ ತಗಡಿನ ಮುಚ್ಚಳ ಕಿತ್ತ. ಪಂಚೆಯನ್ನು ನಾಲ್ಕು ಮಡಿಕೆ ಮಾಡಿ ತೂತಿನ ಮೇಲಿಟ್ಟ. ಅದರ ಮೇಲೆ ತಗಡು, ತಗಡಿಗೆ ತನ್ನ ಬೆನ್ನು. ಎರಡೂ ಕಾಲನ್ನು ಎದುರಿನ ಮಂಚದ ಕಟ್ಟೆಗೆ ಒತ್ತಿ ಸೆಟೆದು ಕೂತ.

ದೋಣಿ ತಿರುಗಿತು. ವಾಲಿತು. ಕಡಲು ಬಂದು ಬೆನ್ನಿಗೆ ಗುದ್ದಿತು.

ಒಂದು ಹಲಗೆಯ ಆಚೆ, ಅವನ ಕಿವಿಯ ಪಕ್ಕದಲ್ಲೇ, ನೀರು ಗುಳುಗುಳು ಓಡುತ್ತಿತ್ತು. ತಗಡಿನ ಅಂಚಿನಿಂದ ತಣ್ಣಗೆ ಬೆನ್ನಿಗೆ ಇಳಿಯುತ್ತಿತ್ತು. ಅವನ ಹಲ್ಲು ಕಟಕಟ ಅನ್ನುತ್ತಿತ್ತು. ಶಿವಾ ಶಿವಾ ಅನ್ನಲು ಹೋದರೆ ಶಿ ಅನ್ನುವಷ್ಟರಲ್ಲೇ ನಾಲಿಗೆ ನಿಲ್ಲುತ್ತಿತ್ತು.

ಮೇಲೆ ಸದ್ದು. ಟಕ್. ಟಕ್. ಗುರುಗಳ ಹಿಮ್ಮಡಿ.

ಆ ಸದ್ದನ್ನು ಹಿಡಿದುಕೊಂಡೇ ಅವನು ಕೂತ. ಬೆನ್ನು ಮರಗಟ್ಟಿತು. ತೊಡೆ ನಡುಗಿತು. ಟಕ್. ಟಕ್.

ಮೊದಲು ಅದು ಒಂದೇ ಸಮನೆ ಇತ್ತು. ಆಮೇಲೆ ನಿಧಾನವಾಯಿತು. ಒಂದು ಟಕ್ಕಿಗೂ ಇನ್ನೊಂದಕ್ಕೂ ನಡುವೆ ಹತ್ತು ಉಸಿರು. ಇಪ್ಪತ್ತು ಉಸಿರು.

ನಿಂತಿತು.

"ಗುರುಗಳ?"

ಗಾಳಿ ಮಾತ್ರ.

"ಗುರುಗಳ! ಬಡೀರಿ! ಒಮ್ಮೆರ ಬಡೀರಿ!"

ಏನೂ ಇಲ್ಲ. ಬಾಗಿಲಿನಿಂದ ಒಂದು ಪಾದ ಕಾಣುತ್ತಿತ್ತು. ಅದು ಅಲುಗಲಿಲ್ಲ.

ಎದ್ದರೆ ನೀರು ನುಗ್ಗುತ್ತದೆ. ಏಳದಿದ್ದರೆ ಗುರುಗಳು ಮೇಲೆ ಬಿಸಿಲಲ್ಲಿ ಸಾಯುತ್ತಾರೆ, ಅಪ್ಪ ಸತ್ತಂತೆ. ಕಳಕಪ್ಪ ಅಲ್ಲೇ ಕೂತು ಗೊಳೋ ಅಂತ ಅತ್ತ. ಎಷ್ಟು ಹೊತ್ತೋ ಅವನಿಗೇ ತಿಳಿಯದು. ಹಾಗೆ ಅಳುತ್ತಿರುವಾಗ ಎದುರಿಗೆ ಬಿದ್ದದ್ದು ಕಣ್ಣಿಗೆ ಬಿತ್ತು. ದೋಣಿ ನೂಕುವ ಬಿದಿರಿನ ಗಳದ ತುಂಡು. ಅವನ ಕಾಲಿನಷ್ಟೇ ಉದ್ದ, ಅದೂ ಅವನೇ ಯಂತ್ರಕ್ಕೆ ಆನಿಕೆ ಕೊಡಲು ಕಡಿದು ಉಳಿದದ್ದು.

ಮೊದಲಿನಿಂದಲೂ ಅದು ಅಲ್ಲೇ ಇತ್ತು. ಹೆದರಿಕೆಯಲ್ಲಿ ಕಂಡಿರಲಿಲ್ಲ.

ಕಾಲಿನಿಂದ ಎಳೆದುಕೊಂಡ. ಒಂದು ತುದಿಯನ್ನು ಮಂಚದ ಕಟ್ಟೆಗೆ ಕೊಟ್ಟ, ಇನ್ನೊಂದನ್ನು ತಗಡಿಗೆ. ಬೆನ್ನು ಸ್ವಲ್ಪ ಸಡಿಲಿಸಿದ, ನೀರು ಚಿಮ್ಮಿತು. ಪಕ್ಕಕ್ಕೆ ಕಳಚಿ ಬಿದ್ದಿದ್ದ ಕಂಪ್ರೆಸರಿನಿಂದಲೇ ಗಳದ ತಲೆಗೆ ಒಂದು, ಎರಡು, ಮೂರು ಬಡಿದ. ಗಳ ಬಿಗಿಯಿತು. ತಗಡು ಕೂತಿತು. ಅಂಚಿನಲ್ಲಿ ಸೋರುತ್ತಿತ್ತು, ನುಗ್ಗುತ್ತಿರಲಿಲ್ಲ.

ಬಕೆಟ್ಟು ಹಿಡಿದು ಮೇಲೆ ಬಂದ.

ದೋಣಿಯ ಬಲಅಂಚು ಕಡಲನ್ನು ಸವರಿಕೊಂಡು ಓಡುತ್ತಿತ್ತು. ಕೈ ಚಾಚಿದರೆ ನೀರು. ಇಷ್ಟು ವಾಲುತ್ತದೆ ಅಂತ ಅವನು ಕನಸಿನಲ್ಲೂ ಎಣಿಸಿರಲಿಲ್ಲ. ತಾನು ಅಳೆದ ಆ ಒಂದು ಮೊಳ ಎಲ್ಲೋ ಅಡಿಯಲ್ಲಿತ್ತು.

ಗುರುಗಳು ಚುಕ್ಕಾಣಿಯ ಮೇಲೆ ಮಗುಚಿ ಬಿದ್ದಿದ್ದರು. ಬಿದ್ದ ಭಾರಕ್ಕೆ ಚುಕ್ಕಾಣಿ ನೆಟ್ಟಗೇ ನಿಂತಿತ್ತು. ಮುಟ್ಟಿದ. ಸುಡುತ್ತಿತ್ತು.

ಒಳಗಿನಿಂದ ತುಂಬಿಸಿ ತಂದಿದ್ದ ಬಕೆಟ್ಟನ್ನು ತಲೆಯ ಮೇಲೆ ಸುರಿದ. ಮತ್ತೆ ಇಳಿದ, ತೋಡಿದ, ಏರಿದ, ಸುರಿದ. ಎದೆಗೆ, ಕತ್ತಿಗೆ, ಕಂಕುಳಿಗೆ. ಒಳಗೆ ಮೊಣಕಾಲುದ್ದ ಇದ್ದ ನೀರು ಗುರುಗಳ ಮೇಲೆ ಬಿದ್ದು, ಹಲಗೆಯ ಮೇಲೆ ಹರಿದು, ಕಡಲಿಗೆ ಹೋಯಿತು. ದೋಣಿಯನ್ನು ಬರಿದು ಮಾಡುತ್ತಿದ್ದನೋ ಗುರುಗಳನ್ನು ತಣಿಸುತ್ತಿದ್ದನೋ ಅವನಿಗೂ ಗೊತ್ತಿರಲಿಲ್ಲ. ಎಣಿಸಲೂ ಇಲ್ಲ.

ಗುರುಗಳು ಕೆಮ್ಮಿದರು. ಒಂದು ಕಣ್ಣು ತೆರೆದರು.

"ಈ ಯಂತ್ರವೂ ಅಡ್ಡಿಲ್ಲ" ಅಂದರು.

ಕಳಕಪ್ಪ ನಗಲೂ ಆರದೆ ಅಳಲೂ ಆರದೆ ನಿಂತ.

"ನಿಂತ್ಯಲ್ಲೋ. ಸುರಿ. ಬಂಡೆ ಎಲ್ಲುಂಟು?"

"ಬಲಕ್ಕದ ರೀ. ಹತ್ತಿರ."

"ಎಷ್ಟು ಹತ್ತಿರ? ನನ್ನ ಕಣ್ಣಿಗೆ ಕತ್ತಲೆ ಬರ್ತಾ ಉಂಟು. ನೀನು ನೋಡಿ ಹೇಳು."

ನೋಡಿ ಹೇಳಿದ. ಗುರುಗಳ ಕೈಯ ಮೇಲೆ ಕೈಯಿಟ್ಟು ಚುಕ್ಕಾಣಿ ಹಿಡಿದ. ಎಳೆ ಅಂದಾಗ ಎಳೆದ, ಬಿಡು ಅಂದಾಗ ಬಿಟ್ಟ. ನಡುನಡುವೆ ಇಳಿದು ಬಕೆಟ್ಟು ತುಂಬಿಸಿ ತಂದ. ಬಂಡೆಗಳ ನೊರೆ ಮುಖಕ್ಕೆ ಸಿಡಿದಾಗ ಅವನ ಕಣ್ಣು ಮುಚ್ಚಲು ಹೋಯಿತು. ಅವನು ಮುಚ್ಚಲು ಬಿಡಲಿಲ್ಲ. ಎರಡು ಕಣ್ಣೂ ತೆರೆದುಕೊಂಡೇ ಅಳಿವೆಯ ಒಳಗೆ ಬಂದ.

ಹೊಳೆಯ ನೀರಿನಲ್ಲಿ ದೋಣಿ ನೆಟ್ಟಗಾಯಿತು. ಲಂಗರು ಬಿತ್ತು. ಗುರುಗಳ ಹಣೆ ಮುಟ್ಟಿ ನೋಡಿದ. ಬೆವರು.

ಡಾಕ್ಟರು ಬಂದು ನೋಡಿ, ಇಬ್ಬರಿಗೂ ಬಯ್ದು, ಔಷಧಿ ಕೊಟ್ಟು ಹೋದರು. ಗುರುಗಳು ಮೂರು ದಿನ ಮಲಗಿದರು.

ನಾಲ್ಕನೆಯ ದಿನ ಅವರು ಎದ್ದು ಮೇಲೆ ಬಂದಾಗ ಕಳಕಪ್ಪ ಧಕ್ಕೆಯ ಮೆಟ್ಟಿಲ ಮೇಲೆ ಕೂತಿದ್ದ. ತೂತಿಗೆ ಹಲಗೆ ಬಡಿದು, ಸುತ್ತ ರಾಳ ಮೆತ್ತಿ ಮುಗಿಸಿದ್ದ.

ಗುರುಗಳು ಬಗ್ಗಿ ಹಲಗೆಯ ಮೇಲೆ ಕೈಯಾಡಿಸಿದರು. "ಗಟ್ಟಿಯಾಗುಂಟು."

"ಇನ್ನ ಮ್ಯಾಲೆ ಯಂತ್ರ ಬ್ಯಾಡ್ರಿ. ಹಾಯೀನೂ ಬ್ಯಾಡ. ಎರಡೂ ನಾ ಮುಟ್ಟೂದಿಲ್ಲ. ದೋಣಿ ಇಲ್ಲೇ ನಾಲ್ಕು ಹಗ್ಗ ಹಾಕಿ ಕಟ್ಟಿಬಿಡ್ತೀನಿ."

ಗುರುಗಳು ಹಲಗೆಯ ಅಂಚಿನ ರಾಳವನ್ನು ಉಗುರಿನಿಂದ ಒತ್ತಿ ನೋಡಿದರು.

ಕಳಕಪ್ಪ ಕೈಯ ರಾಳ ಒರೆಸಿಕೊಳ್ಳುತ್ತ ನೆಲ ನೋಡಿದ. ಮೂರು ದಿನದಿಂದ ತಡೆದಿಟ್ಟುಕೊಂಡಿದ್ದ ಮಾತು ಹೊರಗೆ ಬಂತು.

"ನಿಮಗ ಗೊತ್ತಿತ್ತಲ್ರಿ? ತೂತು ಮುಳುಗ್ತದ ಅಂತ? ನನಗ ಪಾಠ ಆಗ್ಲಿ ಅಂತ ಸುಮ್ಮನಿದ್ರಿ."

"ಗೊತ್ತಿತ್ತು. ನೋಡಿದ ದಿನವೇ ಗೊತ್ತಾಗಿತ್ತು. ಹೇಳೂಣ ಅಂತ ಬಾಯಿ ತೆರೆದೆ. ನೀನು ಒಳಗೆ ಕರೆದೆ. ತಂಪು ಭಾರೀ ಚೆನ್ನಾಗಿತ್ತು. ಮಲಗಿದೆ." ಗುರುಗಳು ತಲೆ ತುರಿಸಿಕೊಂಡರು. "ಮರೆತೇ ಹೋಯ್ತು."

ಕಳಕಪ್ಪ ಬಾಯಿ ತೆರೆದು ನೋಡಿದ. "ನೀವು ಮರೀತೀರೇನ್ರಿ?"

"ಐವತ್ತು ವರ್ಷದ ತಾಂಡೇಲ. ಎರಡು ತಾಸಿನ ನಿದ್ದೆಗೆ ಮರೆತ. ನೀನು ನೀರು ಬಂತು ಅಂತ ಕೂಗಿದಾಗ ನನ್ನ ಕೈ ಹೇಗೆ ನಡುಗ್ತಾ ಇತ್ತು ಗೊತ್ತುಂಟಾ? ನೀನು ನೋಡ್ಲಿಲ್ಲ. ಒಳಗಿದ್ದೆ."

"ನಿಮಗೂ ಅಂಜಿಕಿ ಆತೇನ್ರಿ?"

"ಹಿಮ್ಮಡಿ ಬಡಿದದ್ದು ನಿನಗೊಬ್ಬನಿಗೇ ಅಂತ ತಿಳಿದ್ಯಾ?"

ಬಿಸಿಲು ಏರುತ್ತಿತ್ತು. ಗುರುಗಳ ಕತ್ತಿನಲ್ಲಿ ಬೆವರು ಇಳಿಯಿತು. ಶಿಷ್ಯನ ಕೈ ತಾನಾಗಿ ಅವರ ಹಣೆಗೆ ಹೋಗುತ್ತಿತ್ತು, ಅರ್ಧದಲ್ಲಿ ನಿಂತಿತು.

ವಾಯವ್ಯದಿಂದ ಗಾಳಿ ಏಳತೊಡಗಿತು. ದೋಣಿ ಹಗ್ಗವನ್ನು ಸ್ವಲ್ಪ ಜಗ್ಗಿತು. ಕಳಕಪ್ಪನ ಎದೆ ಡವಡವ ಅಂತು.

ಗುರುಗಳು ಕೋಣೆಗೆ ಇಳಿದರು. ಏನನ್ನೋ ಹುಡುಕುವ ಸದ್ದಾಯಿತು. ಮೇಲೆ ಬಂದು, ಶಿಷ್ಯನ ಅಂಗೈ ಬಿಡಿಸಿ, ಅದರೊಳಗೆ ಸೀಮೆಸುಣ್ಣದ ತುಂಡನ್ನು ಇಟ್ಟರು.

"ನನಗೆ ಸೆಕೆಯಾಗ್ತದೋ, ತೂತು ಬೇಕು. ಹಾಯಿ ಎತ್ತು. ಈ ಸಲ ದೋಣಿ ವಾಲಿದಾಗ ಗೀಟು ಹಾಕು."